‘ಎರಡು ಇಲ್ಲ ಸೇರಿದರೆ ಹೌದು’ ಅನ್ನುವ ನಿಯಮ ಎಲ್ಲಿಂದ ಬಂತು?

ಮಾನ್ಯ ಸಂಪಾದಕರೇ,

ನಿಮ್ಮ ಭಾಷಾ ಪುರವಣಿಯಲ್ಲಿ ಮೊನ್ನೆ ಬಂದ ಬರಹ ಓದಿದೆ. ‘ನನಗೇನೂ ಗೊತ್ತಿಲ್ಲ’ ಅನ್ನಲು ‘ಡೋಂಟ್’, ‘ನಥಿಂಗ್’ ಎಂದು ಎರಡು ‘ಇಲ್ಲ’ ಸೇರಿಸಿ ‘ಐ ಡೋಂಟ್ ನೋ ನಥಿಂಗ್’ ಎಂದು ಇಂಗ್ಲಿಷ್ ಮಾತಾಡುವವರನ್ನು ಲೇಖಕರು ಚೆನ್ನಾಗಿ ಝಾಡಿಸಿದ್ದಾರೆ. ಗಣಿತದಲ್ಲಿ ಮೈನಸ್ ಇಂಟು ಮೈನಸ್ ಪ್ಲಸ್ ಆಗುವಂತೆ ಭಾಷೆಯಲ್ಲೂ ಎರಡು ‘ಇಲ್ಲ’ ಸೇರಿದರೆ ‘ಹೌದು’ ಆಗುತ್ತದೆ, ಇದು ತರ್ಕ, ತರ್ಕ ಗೊತ್ತಿಲ್ಲದವರಿಗೆ ಭಾಷೆಯೂ ಬರಲ್ಲ ಎಂಬುದು ಅವರ ವಾದ. ಹೋಗುವ ಮುಂಚೆ ಫ್ರೆಂಚಿನ ಕಡೆಗೂ ಒಂದು ಮಾತು ಎಸೆದಿದ್ದಾರೆ. ‘ಇಲ್ಲ’ ಅನ್ನಲು ಅಲ್ಲಿ ಕ್ರಿಯಾಪದದ ಆಚೆ ಈಚೆ ‘ನ... ಪಾ’ ಎಂಬ ಜೋಡಿ ಪದ ಹಾಕಬೇಕು, ಅಲ್ಲಿನ ಹುಡುಗರು ‘ನ’ ಬಿಟ್ಟು ಬರೀ ‘ಪಾ’ ಹೇಳಿ ಆ ಚಂದದ ಭಾಷೆಯನ್ನು ಕೆಡಿಸುತ್ತಿದ್ದಾರಂತೆ.

ಬರಹದ ಧಾಟಿ ಬಗ್ಗೆ ನನ್ನ ತಕರಾರಿಲ್ಲ. ಬೈಯುವವರು ಬೈಯಲಿ. ಆದರೆ ವಿಷಯವೇ ತಲೆಕೆಳಗಾಗಿದೆ. ಇವತ್ತು ಇಂಗ್ಲಿಷಿನಲ್ಲಿ ಶುದ್ಧ ಅನ್ನಿಸಿಕೊಂಡಿರುವ ‘ನಾಟ್’, ಫ್ರೆಂಚಿನಲ್ಲಿ ಶುದ್ಧ ಅನ್ನಿಸಿಕೊಂಡಿರುವ ‘ನ... ಪಾ’, ಎರಡೂ ಹುಟ್ಟಿದ್ದೇ ಎರಡೆರಡು ಸಲ ಒತ್ತಿ ಹೇಳುವ ಚಾಳಿಯಿಂದ. ಲೇಖಕರು ಯಾವುದನ್ನು ರೋಗ ಅನ್ನುತ್ತಿದ್ದಾರೋ ಆ ರೋಗದಿಂದಲೇ ಈ ಎರಡು ಭಾಷೆಗಳ ವ್ಯಾಕರಣ ತಯಾರಾಗಿದೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಜಾಗ ಇದ್ದರೆ ಹಾಕಿ.

ಮೊದಲು ಫ್ರೆಂಚ್. ಅದು ಲ್ಯಾಟಿನ್ನಿನಿಂದ ಬಂದದ್ದು ಎಲ್ಲರಿಗೂ ಗೊತ್ತು. ಲ್ಯಾಟಿನ್ನಿನಲ್ಲಿ ‘ನಾನು ಹೇಳುವುದಿಲ್ಲ’ ಅನ್ನಲು ‘ನೋನ್ ದೀಕೋ’ ಅಂದರೆ ಸಾಕಿತ್ತು. ಈ ‘ನೋನ್’ ಕೂಡ ಮೊದಲಿನಿಂದ ಒಂದೇ ಪದವಾಗಿರಲಿಲ್ಲ. ಅದಕ್ಕೂ ಹಳೆಯ ‘ನೆ’ ಎಂಬ ಪುಟ್ಟ ಪದಕ್ಕೆ ‘ಒಂದು’ ಎಂಬ ಅರ್ಥದ ಪದ ಅಂಟಿಕೊಂಡು ಆದದ್ದು. ಅಂದರೆ ಒಳಗಡೆ ‘ಒಂದೂ ಇಲ್ಲ’ ಎಂಬ ಒತ್ತು ಇತ್ತು. ಕಾಲ ಕಳೆದಂತೆ ಆ ಒತ್ತು ಯಾರಿಗೂ ಕೇಳಿಸದೆ ಹೋಯಿತು, ‘ನೋನ್’ ಅಂದರೆ ಸುಮ್ನೆ ‘ಇಲ್ಲ’. ಆಮೇಲೆ ಹಳೆಯ ಫ್ರೆಂಚಿಗೆ ಬರುವಷ್ಟರಲ್ಲಿ ಕ್ರಿಯಾಪದಕ್ಕಿಂತ ಮುಂಚೆ ಅದು ಇನ್ನೂ ಸವೆದು ‘ನ’ ಅಷ್ಟೇ ಉಳಿಯಿತು. ಮುಂದೆ ಸ್ವರ ಬಂದರೆ ಆ ‘ನ’ದ ಅಕಾರವೂ ಇಲ್ಲ, ಬರೀ ‘ನ್’.

ಇಡೀ ವಾಕ್ಯದ ಅರ್ಥವನ್ನು ಉಲ್ಟಾ ಮಾಡುವ ಕೆಲಸ ಇಷ್ಟು ಸಣ್ಣ ಸದ್ದಿನ ಮೇಲೆ ಬಿದ್ದರೆ ಏನಾಗುತ್ತದೆ? ಜನ ಜೊತೆಗೆ ಇನ್ನೇನಾದರೂ ಸೇರಿಸುತ್ತಾರೆ. ನಾವೂ ಮಾಡುವುದು ಅದನ್ನೇ, ಅಲ್ವಾ? ‘ಇಷ್ಟ ಇಲ್ಲ’ ಅನ್ನುವುದು ಸಾಕಾಗದಿದ್ದರೆ ‘ಚೂರೂ ಇಷ್ಟ ಇಲ್ಲ’ ಅನ್ನುತ್ತೇವೆ, ‘ಎಳ್ಳಷ್ಟೂ’ ಅನ್ನುತ್ತೇವೆ, ‘ಒಂದು ಹೆಜ್ಜೆ ಕೂಡ ಮುಂದಿಡಲಿಲ್ಲ’ ಅನ್ನುತ್ತೇವೆ. ತೀರಾ ಸಣ್ಣದನ್ನೂ ಇಲ್ಲ ಅಂದಮೇಲೆ ದೊಡ್ಡದರ ಮಾತೇ ಬರಲ್ಲ, ಅದು ಇಲ್ಲಿನ ಉಪಾಯ. ಹಳೆಯ ಫ್ರೆಂಚಿನವರ ಬಳಿ ಇಂಥ ಪದಗಳ ದೊಡ್ಡ ಗಂಟೇ ಇತ್ತು. ‘ಪಾ’ ಅಂದರೆ ಹೆಜ್ಜೆ. ‘ಮೀ’ ಅಂದರೆ ರೊಟ್ಟಿಯ ಚೂರು. ‘ಗುಟ್’ ಅಂದರೆ ಹನಿ. ‘ಪ್ವ್ಯಾಂ’ ಅಂದರೆ ಚುಕ್ಕೆ. ಒಂದು ಹೆಜ್ಜೆಯೂ ನಡೆಯಲಿಲ್ಲ, ಒಂದು ಚೂರೂ ತಿನ್ನಲಿಲ್ಲ, ಒಂದು ಹನಿಯೂ ಕುಡಿಯಲಿಲ್ಲ. ಮೊದಮೊದಲು ಪ್ರತಿಯೊಂದಕ್ಕೂ ಅದರದರ ಕ್ರಿಯಾಪದ.

ಆಮೇಲೆ ಗಡಿ ಅಳಿಸಿಹೋಯಿತು. ನಡಿಗೆಗೂ ಹೆಜ್ಜೆಗೂ ಸಂಬಂಧವೇ ಇಲ್ಲದ ವಾಕ್ಯಗಳಿಗೂ ‘ಪಾ’ ಬಂದು ಕೂತಿತು. ‘ನಾನು ಒಂದು ಹೆಜ್ಜೆಯೂ ಹೇಳುವುದಿಲ್ಲ’ ಅಂದ ಹಾಗೆ! ಹನ್ನೆರಡನೇ ಶತಮಾನದ ಫ್ರೆಂಚ್ ಬರಹಗಳಲ್ಲಿ ಬರೀ ‘ನ’ ಇದೆ, ‘ನ... ಮೀ’ ಇದೆ, ‘ನ... ಪಾ’ ಕೂಡ ಇದೆ, ಎಲ್ಲ ಒಟ್ಟಿಗೆ ನಡೆಯುತ್ತಿತ್ತು. ಸ್ಪರ್ಧೆಯಲ್ಲಿ ಗೆದ್ದದ್ದು ‘ಪಾ’. ‘ಪ್ವ್ಯಾಂ’ ಪುಸ್ತಕದ ಮಾತಾಗಿ ಉಳಿಯಿತು. ‘ಗುಟ್’ ಈಗಲೂ ‘ಏನೂ ಕಾಣಿಸುತ್ತಿಲ್ಲ’ ಅನ್ನುವಂಥ ಒಂದೆರಡು ನುಡಿಗಟ್ಟುಗಳಲ್ಲಿ ಉಸಿರಾಡುತ್ತಿದೆ, ಕತ್ತಲಲ್ಲಿ ‘ಒಂದು ಹನಿಯೂ ಕಾಣುತ್ತಿಲ್ಲ’ ಅನ್ನುತ್ತಾರೆ, ಕೇಳಿದವರಿಗೆ ವಿಚಿತ್ರ ಅನ್ನಿಸುವುದೇ ಇಲ್ಲ. 1600ರ ದಶಕಗಳ ಹೊತ್ತಿಗೆ ‘ಪಾ’ ಅಥವಾ ‘ಪ್ವ್ಯಾಂ’ ಇಲ್ಲದೆ ಬರೀ ‘ನ’ ಬರೆದರೆ ಅರ್ಧ ವಾಕ್ಯ ಅನ್ನಿಸುವ ಸ್ಥಿತಿ ಬಂತು. ಒತ್ತು ಕೊಡಲು ಬಂದದ್ದು ಕಡ್ಡಾಯವಾಯಿತು. ಕಡ್ಡಾಯ ಆದಮೇಲೆ ಅದರಲ್ಲಿ ಒತ್ತು ಎಲ್ಲಿಯದು?

ಈಗ ಮೂರನೇ ಹಂತ. ಎರಡು ಪದ ಸೇರಿ ಒಂದು ಕೆಲಸ ಮಾಡುತ್ತಿವೆ. ಒಂದು ಗಟ್ಟಿಯಾಗಿ ಕೇಳಿಸುತ್ತದೆ, ಇನ್ನೊಂದು ಇದ್ದೂ ಇಲ್ಲದ ಹಾಗೆ. ಯಾವುದು ಮೊದಲು ಬೀಳುತ್ತದೆ ಎಂದು ಹೇಳಲು ಪಂಡಿತರೇ ಬೇಕಾಗಿಲ್ಲ. ‘ನನಗೆ ಗೊತ್ತಿಲ್ಲ’ ಅನ್ನಲು ಪುಸ್ತಕದಲ್ಲಿ ‘ಜ ನ ಸೇ ಪಾ’ ಅಂತ ಕಲಿಸುತ್ತಾರೆ. ನಿಜವಾದ ಮಾತಿನಲ್ಲಿ ಮೊದಲು ‘ನ’ ಹೋಗಿ ‘ಜ ಸೇ ಪಾ’ ಆಗುತ್ತದೆ, ಆಮೇಲೆ ಜಕಾರ ಸಕಾರ ಎರಡೂ ಕರಗಿ ‘ಶೇ ಪಾ’. ನಾಲ್ಕು ಅಕ್ಷರ ಎರಡಾಯಿತು. ಹಳೆಯ ‘ಇಲ್ಲ’ದ ಗುರುತೇ ಇಲ್ಲ, ‘ಹೆಜ್ಜೆ’ ಮಾತ್ರ ಉಳಿದಿದೆ. ಅದೇ ಈಗ ‘ಇಲ್ಲ’.

ಇದು ಹುಡುಗರ ಕೆಲಸ ಅನ್ನುವವರು ಅಂಕಿ ನೋಡಬೇಕು. ಫ್ರಾನ್ಸಿನ ಟೂರ್ ನಗರದಲ್ಲಿ ಜನರ ಮಾತನ್ನು 1976ರಲ್ಲಿ ಧ್ವನಿಮುದ್ರಿಸಿ ಎಣಿಸಿದಾಗ, ‘ನ’ ಬರಬೇಕಾದ ಜಾಗಗಳಲ್ಲಿ ಸುಮಾರು 37 ಶೇಕಡಾ ಕಡೆ ಮಾತ್ರ ಅದು ಬಂದಿತ್ತು. ಅದೇ ಸಂಶೋಧಕರು 1995ರಲ್ಲಿ ಮತ್ತೆ ಅದೇ ಊರಿಗೆ ಹೋಗಿ ಎಣಿಸಿದಾಗ 18 ಶೇಕಡಾಕ್ಕೆ ಇಳಿದಿತ್ತು. ಕೆನಡಾದ ಮಾಂಟ್ರಿಯಲ್‌ನಲ್ಲಿ 1971ರಲ್ಲೇ ಮುದ್ರಿಸಿಕೊಂಡ ಮಾತುಗಳಲ್ಲಿ ಅದು ಒಂದು ಶೇಕಡಾವೂ ಇರಲಿಲ್ಲ. 1971ರ ಮಾಂಟ್ರಿಯಲ್ ಹುಡುಗರು ಈಗ ಅಜ್ಜಂದಿರು.

ಇನ್ನೊಂದು ಮಜಾ ಕೇಳಿ. ಫ್ರೆಂಚಿನಲ್ಲಿ ‘ಓಂ’ ಎಂಬ ಸರ್ವನಾಮ ಇದೆ, ‘ನಾವು’ ಅಥವಾ ‘ಜನ’ ಎಂಬ ಅರ್ಥ, ಕೊನೆಯಲ್ಲಿ ಮೂಗಿನ ಸದ್ದು. ಮುಂದೆ ಸ್ವರ ಬಂದರೆ ಆ ಮೂಗಿನ ಸದ್ದಿನಿಂದ ಒಂದು ನಕಾರ ಜಾರಿ ಮುಂದಿನ ಪದಕ್ಕೆ ಅಂಟಿಕೊಳ್ಳುತ್ತದೆ. ಹಾಗಾಗಿ ‘ನಮ್ಮ ಬಳಿ ಇಲ್ಲ’ ಎಂಬ ವಾಕ್ಯವನ್ನು ‘ನ’ ಸೇರಿಸಿ ಹೇಳಿದರೂ ‘ಓಂ ನಾ ಪಾ’, ‘ನ’ ಬಿಟ್ಟು ಹೇಳಿದರೂ ‘ಓಂ ನಾ ಪಾ’. ಎಷ್ಟೇ ಕಿವಿಗೊಟ್ಟು ಕೇಳಿದರೂ ವ್ಯತ್ಯಾಸ ಇಲ್ಲ, ಏಕೆಂದರೆ ಸದ್ದಿನಲ್ಲಿ ವ್ಯತ್ಯಾಸವೇ ಇಲ್ಲ. ಡಿಕ್ಟೇಷನ್ ಬರೆಯುವ ಮಗು ಇಲ್ಲಿ ‘ನ್’ ಹಾಕದಿದ್ದರೆ ಮಾರ್ಕ್ಸ್ ಹೋಗುತ್ತದೆ. ಆ ಮಗು ಕೇಳಿದ್ದನ್ನು ಕೇಳಿದ ಹಾಗೇ ಬರೆದಿದೆ, ಪಾಪ. ನಿಮ್ಮ ಲೇಖಕರಿಗೆ ಈ ವಾಕ್ಯದಲ್ಲಿ ಯಾರು ಭಾಷೆ ಕೆಡಿಸಿದರು, ಯಾರು ಕೆಡಿಸಲಿಲ್ಲ ಎಂದು ಹೇಗೆ ತಿಳಿಯುತ್ತದೆ?

‘ನ’ ಬಿಟ್ಟ ವಾಕ್ಯ ಬರವಣಿಗೆಗೂ ಬಂದಿದೆ. 1984ರಲ್ಲಿ ಫ್ರಾನ್ಸಿನಲ್ಲಿ ಜನಾಂಗ ದ್ವೇಷದ ವಿರುದ್ಧ ‘ಎಸ್‌ಓಎಸ್ ರಾಸಿಸ್ಮ್’ ಎಂಬ ಸಂಘಟನೆ ಹುಟ್ಟಿತು. ಹಳದಿ ಕೈಯ ಬ್ಯಾಡ್ಜು, ಅದರ ಮೇಲೆ ‘ತುಶ್ ಪಾ ಆ ಮೋಂ ಪೋತ್’, ಅಂದರೆ ‘ನನ್ನ ಗೆಳೆಯನ ಮೈಮುಟ್ಟಬೇಡ’. ವ್ಯಾಕರಣದ ಲೆಕ್ಕದಲ್ಲಿ ಅಲ್ಲೊಂದು ‘ನ’ ಬೇಕಿತ್ತು. ಹಾಕಿದ್ದರೆ ಆ ಘೋಷಣೆ ಮೇಷ್ಟ್ರು ಬೋರ್ಡಿನ ಮೇಲೆ ಬರೆದ ವಾಕ್ಯದ ಹಾಗೆ ಇರುತ್ತಿತ್ತು, ಯಾರೂ ಕೋಟಿಗೆ ಚುಚ್ಚಿಕೊಳ್ಳುತ್ತಿರಲಿಲ್ಲ ಅನ್ನುವುದು ನನ್ನ ಅನಿಸಿಕೆ.

ಇದೆಲ್ಲದರ ನಡುವೆ ಆ ಹಳೆಯ ‘ನ’ ಪೂರ್ತಿ ಸತ್ತಿಲ್ಲ. ಕೆಲವು ಕಡೆ ಇದೆ, ಆದರೆ ಕೆಲಸ ಮಾಡುತ್ತಿಲ್ಲ. ‘ಅವನು ಬಂದುಬಿಡುತ್ತಾನೇನೋ ಎಂದು ಭಯ’ ಅನ್ನಲು ಒಳ್ಳೆಯ ಫ್ರೆಂಚಿನಲ್ಲಿ ‘ಬರುತ್ತಾನೆ’ ಎಂಬುದಕ್ಕಿಂತ ಮುಂಚೆ ಒಂದು ‘ನ’ ಹಾಕುತ್ತಾರೆ. ‘ಬರುವುದಿಲ್ಲ’ ಎಂಬ ಅರ್ಥ ಖಂಡಿತ ಇಲ್ಲ. ಸುಮ್ನೆ ಅಲಂಕಾರಕ್ಕೆ. ‘ನ’ ಇದ್ದರೂ ಅಲ್ಲಿ ಅದಕ್ಕೆ ‘ಇಲ್ಲ’ ಎಂಬ ಅರ್ಥವೇ ಇಲ್ಲ!

ಒಂಟಿಯಾಗಿ ನಿಂತೇ ‘ಇಲ್ಲ’ ಎಂಬ ಅರ್ಥ ಪಡೆದ ಪದಗಳು ‘ಪಾ’ ಒಂದೇ ಅಲ್ಲ. ‘ರಿಯೆಂ’ ಅಂದರೆ ಈಗ ‘ಏನೂ ಇಲ್ಲ’, ಆದರೆ ಅದರ ಲ್ಯಾಟಿನ್ ಮೂಲ ‘ವಸ್ತು’. ‘ಪೆರ್ಸೊನ್’ ಅಂದರೆ ವ್ಯಕ್ತಿ. ‘ಯಾರು ಬಂದಿದ್ದರು?’ ಎಂದು ಫ್ರೆಂಚಿನಲ್ಲಿ ಕೇಳಿ ನೋಡಿ, ‘ವ್ಯಕ್ತಿ’ ಎಂದು ಒಂದೇ ಪದದಲ್ಲಿ ಉತ್ತರ ಬಂದರೆ ಯಾರೂ ಬಂದಿರಲಿಲ್ಲ ಎಂದು ಅರ್ಥ. ನೂರಾರು ವರ್ಷ ‘ನ’ದ ಪಕ್ಕದಲ್ಲಿ ಕೂತು ಕೂತು ಅದರ ಗುಣ ಇದಕ್ಕೆ ಬಂದುಬಿಟ್ಟಿದೆ. ‘ಪ್ಲೂ’ ಎಂಬ ಪದದ ಪಾಡು ಇನ್ನೂ ಪೇಚಿನದು. ಅದಕ್ಕೆ ‘ಜಾಸ್ತಿ’ ಅಂತಲೂ ಅರ್ಥ, ‘ನ’ ಜೊತೆಗಿದ್ದರೆ ‘ಇನ್ನು ಮುಂದೆ ಇಲ್ಲ’ ಅಂತಲೂ ಅರ್ಥ. ಮಾತಿನಲ್ಲಿ ‘ನ’ ಬಿದ್ದುಹೋದಮೇಲೆ ‘ನನಗೆ ಇನ್ನಷ್ಟು ಬೇಕು’, ‘ನನಗೆ ಇನ್ನು ಬೇಡ’ ಎರಡೂ ಕಾಗದದ ಮೇಲೆ ಒಂದೇ ಥರ ಕಾಣುತ್ತವೆ. ಜನ ಅದಕ್ಕೂ ದಾರಿ ಮಾಡಿಕೊಂಡರು. ‘ಜಾಸ್ತಿ’ ಅನ್ನುವಾಗ ಕೊನೆಯ ಸಕಾರ ಉಚ್ಚರಿಸಿ ‘ಪ್ಲೂಸ್’ ಅನ್ನುತ್ತಾರೆ, ‘ಬೇಡ’ ಅನ್ನುವಾಗ ‘ಪ್ಲೂ’. ಮಾತಿನಲ್ಲಿ ಗೊಂದಲವಿಲ್ಲ. ಮೆಸೇಜಿನಲ್ಲಿ ಬರೆದರೆ ಮಾತ್ರ ಒದ್ದಾಟ.

ಈಗ ಇಂಗ್ಲಿಷ್, ಏಕೆಂದರೆ ನಿಮ್ಮ ಲೇಖಕರ ಸಿಟ್ಟೆಲ್ಲ ಅಲ್ಲೇ ಇರುವುದು.

ಹಳೆಯ ಇಂಗ್ಲಿಷಿನಲ್ಲಿ ‘ನಾನು ಹೇಳುವುದಿಲ್ಲ’ ಅನ್ನಲು ‘ಇಚ್ ನೆ ಸೆಜ್ಜೆ’. ಇಲ್ಲೂ ಅದೇ ‘ನೆ’, ಕ್ರಿಯಾಪದಕ್ಕಿಂತ ಮುಂಚೆ. ಆಮೇಲೆ ಒತ್ತು ಕೊಡಲು ‘ನಾವಿಹ್ಟ್’ ಎಂಬ ಪದ ವಾಕ್ಯದ ಕೊನೆಗೆ ಸೇರತೊಡಗಿತು. ಅದನ್ನು ಬಿಡಿಸಿದರೆ ‘ನೆ’, ‘ಆ’, ‘ವಿಹ್ಟ್’: ಇಲ್ಲ, ಎಂದೂ, ವಸ್ತು. ‘ಎಂದಿಗೂ ಯಾವ ವಸ್ತುವೂ ಇಲ್ಲ’ ಎಂಬಷ್ಟು ಉದ್ದದ ಮಾತು. ಅದು ಸವೆದು ‘ನಾಟ್’ ಆಯಿತು. ಹೌದು, ನಾವು ದಿನಾ ಬಳಸುವ ಆ ‘ನಾಟ್’. ಮಧ್ಯಕಾಲದ ಇಂಗ್ಲಿಷಿನಲ್ಲಿ ಎರಡೂ ಒಟ್ಟಿಗೆ ಇದ್ದವು, ‘ಈ ನೆ ಸೆಯೆ ನಾಟ್’. ಫ್ರೆಂಚಿನ ‘ನ... ಪಾ’ ಜೋಡಿಯ ತದ್ರೂಪ. ಆಮೇಲೆ ‘ನೆ’ ಬಿದ್ದುಹೋಗಿ ‘ಐ ಸೇ ನಾಟ್’ ಉಳಿಯಿತು.

ಡೆನ್ಮಾರ್ಕಿನ ಒಟ್ಟೊ ಯೆಸ್ಪರ್ಸನ್ ಎಂಬ ವಿದ್ವಾಂಸರು, ಕೋಪನ್‌ಹೇಗನ್‌ನಲ್ಲಿ ಇಂಗ್ಲಿಷ್ ಪ್ರೊಫೆಸರ್ ಆಗಿದ್ದವರು, 1917ರಲ್ಲಿ ಈ ಎರಡು ಭಾಷೆಗಳ ಕಥೆಯನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. ನಿಷೇಧದ ಪದ, ಅಂದರೆ ‘ಇಲ್ಲ’ ಅನ್ನುವ ಪದ, ಸವೆಯುತ್ತದೆ, ಸಾಲದು ಅನ್ನಿಸುತ್ತದೆ, ಇನ್ನೊಂದು ಪದದ ಆಸರೆ ಪಡೆಯುತ್ತದೆ, ಕಡೆಗೆ ಆಸರೆಯ ಪದವೇ ನಿಷೇಧದ ಪದವಾಗಿ ಕೂರುತ್ತದೆ, ಆಮೇಲೆ ಅದೂ ಸವೆಯಲು ಶುರು. 1979ರಲ್ಲಿ ಸ್ವೀಡನ್ನಿನ ಓಸ್ಟೆನ್ ದಾಲ್ ಇದಕ್ಕೆ ‘ಯೆಸ್ಪರ್ಸನ್ ಚಕ್ರ’ ಎಂದು ಹೆಸರಿಟ್ಟರು, ಈಗ ಎಲ್ಲರೂ ಹಾಗೇ ಕರೆಯುತ್ತಾರೆ. ಹಾಗೆ ನೋಡಿದರೆ ಪ್ರಾಚೀನ ಈಜಿಪ್ಟಿನ ಭಾಷೆ ಓದುತ್ತಿದ್ದ ಅಲನ್ ಗಾರ್ಡಿನರ್ 1904ರಲ್ಲೇ ಅಲ್ಲಿನ ನಿಷೇಧವೂ ಫ್ರೆಂಚಿನ ‘ಪಾ’ ಹಿಡಿದ ದಾರಿಯನ್ನೇ ಹಿಡಿದಿದೆ ಎಂದು ಗಮನಿಸಿದ್ದರು. ಹೆಸರು ಅವರಿಗೆ ಸಿಗಲಿಲ್ಲ. ಜರ್ಮನ್ನಿನ ‘ನಿಷ್ಟ್’ ಒಳಗೂ ಅದೇ ‘ವಸ್ತು’ ಇದೆ. ಗ್ರೀಕರ ಈಗಿನ ‘ದೆನ್’ ಹುಟ್ಟಿದ್ದು ‘ಒಂದೂ ಇಲ್ಲ’ ಎಂಬ ಹಳೆಯ ಪದದಿಂದ. ಕೈರೋದ ಅರಬ್ಬಿಯಲ್ಲಿ ಕ್ರಿಯಾಪದಕ್ಕಿಂತ ಮುಂಚೆ ‘ಮಾ’, ಬಾಲದಲ್ಲಿ ‘ಶ್’, ಆ ‘ಶ್’ ಕೂಡ ‘ವಸ್ತು’ ಎಂಬ ಪದದ ಚೂರು. ಇಷ್ಟು ಜನ ಇಷ್ಟು ದೂರದೂರದ ಕಡೆ ಒಂದೇ ಥರ ‘ತಪ್ಪು’ ಮಾಡಿದ್ದಾರೆ ಎಂದು ನಂಬಬೇಕೆ?

ಸವೆಯುವುದು ಮೊದಲೋ, ಆಸರೆ ಬರುವುದು ಮೊದಲೋ ಎಂಬ ಬಗ್ಗೆ ಜಗಳ ಇದೆ. ಯೆಸ್ಪರ್ಸನ್ ಪ್ರಕಾರ ಸದ್ದು ಸವೆದದ್ದರಿಂದ ಆಸರೆ ಬೇಕಾಯಿತು. ಇನ್ನು ಕೆಲವರು, ಇಲ್ಲ ಸ್ವಾಮಿ, ಜನಕ್ಕೆ ಒತ್ತಿ ಹೇಳುವ ಚಪಲ ಯಾವಾಗಲೂ ಇದ್ದೇ ಇರುತ್ತದೆ, ಆ ಒತ್ತಿನ ಪದವನ್ನು ಎಲ್ಲ ಕಡೆ ಬಳಸಿ ಬಳಸಿ ಅದು ಸಪ್ಪೆಯಾಗುತ್ತದೆ, ಅಷ್ಟರಲ್ಲಿ ಹಳೆಯ ಪದ ದಂಡಕ್ಕೆ ಆಗಿಬಿಟ್ಟಿರುತ್ತದೆ ಅನ್ನುತ್ತಾರೆ. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ನೋಟು ಜಾಸ್ತಿ ಅಚ್ಚು ಹಾಕಿದಷ್ಟೂ ಅದರ ಬೆಲೆ ಇಳಿಯುವುದಿಲ್ಲವೇ, ಹಾಗೆ. ಸದ್ದು ಸವೆಯುವುದೇ ಕಾರಣವಾಗಿದ್ದರೆ ಸಣ್ಣ ಸದ್ದಿನ ಪದಗಳೆಲ್ಲ ಹೀಗೇ ಬದಲಾಗಬೇಕಿತ್ತು, ಆದರೆ ಫ್ರೆಂಚಿನಲ್ಲಿ ‘ನ’ದಷ್ಟೇ ಪುಟ್ಟ ಪದಗಳು ಆರಾಮಾಗಿ ಬದುಕಿವೆ.

ಇಂಗ್ಲಿಷ್ ‘ಐ ಸೇ ನಾಟ್’ಗೆ ನಿಲ್ಲಲಿಲ್ಲ. 1500ರ ಆಸುಪಾಸಿನಿಂದ ‘ಡು’ ಎಂಬ ಕ್ರಿಯಾಪದ ಮಧ್ಯೆ ಬಂದು ನಿಲ್ಲಲು ಶುರುವಾಯಿತು, ‘ಐ ಡು ನಾಟ್ ಸೇ’. ಸ್ವೀಡನ್ನಿನ ಆಲ್ವಾರ್ ಎಲ್ಲೆಗೋರ್ಡ್ ಹಳೆಯ ಬರಹಗಳನ್ನು ಗುಡ್ಡೆ ಹಾಕಿಕೊಂಡು ಸಾವಿರಾರು ವಾಕ್ಯ ಎಣಿಸಿ 1953ರಲ್ಲಿ ಇದರ ಏರಿಳಿತವನ್ನು ಪ್ರಕಟಿಸಿದರು. ನೇರವಾಗಿ ಮೇಲೇರಲಿಲ್ಲ ಎಂಬುದೇ ಸ್ವಾರಸ್ಯ, ನಿಷೇಧದ ವಾಕ್ಯಗಳಲ್ಲಿ ಹದಿನಾರನೇ ಶತಮಾನದ ಕೊನೆಯ ಭಾಗದಲ್ಲಿ ‘ಡು’ ಒಂದಿಷ್ಟು ಹಿಂದೆ ಸರಿದು ಆಮೇಲೆ ಮತ್ತೆ ಏರಿತು. ‘ನೋ’ (ತಿಳಿ), ‘ಡೌಟ್’ (ಸಂಶಯಪಡು) ಇಂಥ ಕೆಲವು ಕ್ರಿಯಾಪದಗಳು ಜಪ್ಪಯ್ಯ ಅಂದರೂ ‘ಡು’ವಿಗೆ ಬಹುಕಾಲ ಜಾಗ ಬಿಡಲಿಲ್ಲ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಹೊಲದ ಹೂಗಳ ಬಗ್ಗೆ ಒಂದು ಸಾಲಿದೆ: ‘ದೇ ಟಾಯಿಲ್ ನಾಟ್, ನೈದರ್ ಡು ದೇ ಸ್ಪಿನ್’. ಅವು ದುಡಿಯುವುದಿಲ್ಲ, ನೂಲುವುದೂ ಇಲ್ಲ. ಒಂದೇ ಸಾಲಿನ ಅರ್ಧದಲ್ಲಿ ‘ಡು’ ಇಲ್ಲ, ಇನ್ನರ್ಧದಲ್ಲಿ ‘ಡು’ ಇದೆ. ಬದಲಾವಣೆ ನಡೆಯುತ್ತಿರುವಾಗಲೇ ಯಾರೋ ಫೋಟೊ ತೆಗೆದ ಹಾಗಿದೆ. ಇನ್ನೂ 350 ವರ್ಷ ಬಿಟ್ಟು, 1961ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಪ್ರಮಾಣವಚನದ ಭಾಷಣದಲ್ಲಿ ‘ಆಸ್ಕ್ ನಾಟ್’ ಅಂದರು, ‘ಡೋಂಟ್ ಆಸ್ಕ್’ ಅನ್ನಲಿಲ್ಲ. ಸತ್ತ ವ್ಯಾಕರಣಕ್ಕೂ ಗಾಂಭೀರ್ಯದ ಕೆಲಸ ಸಿಗುತ್ತದೆ.

ಆಮೇಲೆ ‘ಡು ನಾಟ್’ ಸವೆದು ‘ಡೋಂಟ್’, ‘ವಿಲ್ ನಾಟ್’ ಬದಲಿಗೆ ‘ವೋಂಟ್’. ಆ ‘ವೋ’ ಎಲ್ಲಿಂದ ಬಂತು ಅಂದರೆ, ‘ವಿಲ್’ ಎಂಬುದನ್ನು ಆಗ ಕೆಲವರು ‘ವೋಲ್’ ಅನ್ನುತ್ತಿದ್ದರು. ಹದಿನೇಳನೇ ಶತಮಾನದಿಂದ ಇವು ಅಚ್ಚಿನಲ್ಲೂ ಸಿಗುತ್ತವೆ. ‘ಎಂದಿಗೂ ಯಾವ ವಸ್ತುವೂ ಇಲ್ಲ’ ಎಂದು ಶುರುವಾದ ಮಾತು ಈಗ ಬಾಲದಲ್ಲಿ ಒಂದು ‘ಂಟ್’. ಅಮೆರಿಕನ್ನರ ಬಾಯಲ್ಲಿ ‘ಕ್ಯಾನ್’, ‘ಕ್ಯಾಂಟ್’ ಎರಡನ್ನೂ ಕೇಳಿಸಿಕೊಳ್ಳಿ. ವೇಗದ ಮಾತಿನಲ್ಲಿ ಕೊನೆಯ ಟಕಾರ ಬಹಳ ಸಲ ಕೇಳಿಸುವುದೇ ಇಲ್ಲ. ಸ್ವರವನ್ನು ನೋಡಿ ಅರ್ಥ ಮಾಡಿಕೊಳ್ಳಬೇಕು: ‘ಆಗುತ್ತದೆ’ ಅನ್ನುವಾಗ ಸ್ವರ ಕುಗ್ಗಿ ಬಹುತೇಕ ‘ಕ್‌ನ್’ ಆಗುತ್ತದೆ, ‘ಆಗಲ್ಲ’ ಅನ್ನುವಾಗ ‘ಕ್ಯಾ’ ತುಂಬಿಕೊಂಡು ಬರುತ್ತದೆ. ಫೋನಿನಲ್ಲಿ ಒಪ್ಪಂದದ ಮಾತಾಡುವಾಗ ‘ಆಗುತ್ತದೆ ಅಂದಿರೋ, ಆಗಲ್ಲ ಅಂದಿರೋ’ ಎಂದು ಮತ್ತೆ ಕೇಳಿ ಖಚಿತ ಮಾಡಿಕೊಳ್ಳುವುದು ಇಂಗ್ಲಿಷ್ ಹುಟ್ಟುಭಾಷೆಯಾದವರಿಗೂ ತಪ್ಪಿದ್ದಲ್ಲ. ಇತ್ತ ಬ್ರಿಟನ್ನಿನ ಆಡುಮಾತಿನಲ್ಲಿ ‘ನೆವರ್’ ಎಂಬ ಪದ ‘ಎಂದಿಗೂ ಇಲ್ಲ’ ಎಂಬ ಅರ್ಥ ಬಿಟ್ಟು ನಿನ್ನೆ ಒಂದು ಸಲ ನಡೆದ ವಿಷಯಕ್ಕೂ ಬರುತ್ತಿದೆ, ‘ಐ ನೆವರ್ ಸಾ ಹಿಮ್ ಯೆಸ್ಟರ್‌ಡೇ’. ಚಕ್ರದ ಮುಂದಿನ ಸುತ್ತು ಇಲ್ಲಿಂದ ಬರಬಹುದು, ಬರದೆಯೂ ಇರಬಹುದು.

ಇನ್ನು ‘ಎರಡು ಇಲ್ಲ’ದ ಪ್ರಶ್ನೆ. ಹದಿನಾಲ್ಕನೇ ಶತಮಾನದ ಕೊನೆಯಲ್ಲಿ ಇಂಗ್ಲಿಷ್ ಕವಿ ಚಾಸರ್ ತನ್ನ ಕ್ಯಾಂಟರ್ಬರಿ ಕಥೆಗಳ ಪೀಠಿಕೆಯಲ್ಲಿ ಒಬ್ಬ ವೀರಯೋಧನ ಬಗ್ಗೆ ಬರೆಯುತ್ತಾನೆ. ಆತ ಬದುಕಿನಲ್ಲಿ ಯಾರಿಗೂ ಯಾವತ್ತೂ ಕೆಟ್ಟ ಮಾತು ಆಡಿದವನಲ್ಲ ಎಂಬುದು ತಾತ್ಪರ್ಯ. ಆ ಎರಡು ಸಾಲಿನಲ್ಲಿ ನಿಷೇಧದ ಪದ ಎಷ್ಟಿವೆ ಗೊತ್ತೇ? ‘ನೆವರೆ’, ‘ನೋ’, ‘ನೆ’, ಮತ್ತೆ ‘ನೋ’. ನಾಲ್ಕು. ಮೈನಸ್ ಲೆಕ್ಕದಲ್ಲಿ ಆ ಯೋಧ ಬಾಯಿ ಬಿಟ್ಟರೆ ಬೈಗುಳವೇ ಎಂದಾಗುತ್ತದೆ, ನಾಲ್ಕು ಮೈನಸ್ ಗುಣಿಸಿದರೆ ಪ್ಲಸ್ ತಾನೇ? ಅವನ ಕಾಲದ ಓದುಗರು ಯಾರೂ ಹಾಗೆ ಓದಲಿಲ್ಲ. ಅದೇ ಸಾಲಿನ ಕೊನೆಯ ಪದ ‘ವೈಟ್’, ‘ವ್ಯಕ್ತಿ’ ಎಂಬ ಅರ್ಥದ್ದು. ಇದು ‘ನಾಟ್’ ಒಳಗೆ ಹುದುಗಿಹೋದ ‘ವಿಹ್ಟ್’ ಎಂಬ ಪದವೇ. ಅಲ್ಲಿ ಕರಗಿಹೋಗಿದೆ, ಇಲ್ಲಿ ಇನ್ನೂ ಪೂರ್ತಿ ಪದವಾಗಿ ಓಡಾಡಿಕೊಂಡಿದೆ. ಮುಂದೆ ಇಂಗ್ಲಿಷರು ‘ನಾಟ್ ಎ ವಿಟ್’ ಎಂದು ಒತ್ತಿ ಹೇಳತೊಡಗಿದರು, ಆ ‘ವಿಟ್’ ಕೂಡ ಇದರದೇ ಮರಿ. ಒಂದು ಸಲ ನುಂಗಿದ ಪದವನ್ನೇ ಮತ್ತೆ ತಂದು ಪಕ್ಕದಲ್ಲಿ ಕೂರಿಸಿದ್ದಾರೆ.

ಎರಡು ನಿಷೇಧ ಸೇರಿದರೆ ಹೌದು ಎಂಬ ನಿಯಮ ಇಂಗ್ಲಿಷ್ ವ್ಯಾಕರಣ ಪುಸ್ತಕಗಳಿಗೆ ಬಂದದ್ದು ಹದಿನೆಂಟನೇ ಶತಮಾನದಲ್ಲಿ. ಜೇಮ್ಸ್ ಗ್ರೀನ್‌ವುಡ್ 1711ರಲ್ಲಿ ಹೇಳಿದರು. 1760ರ ದಶಕದಲ್ಲಿ ರಾಬರ್ಟ್ ಲೌತ್, ಮುಂದೆ ಲಂಡನ್ನಿನ ಬಿಷಪ್ ಆದವರು, ತಮ್ಮ ವ್ಯಾಕರಣದಲ್ಲಿ ಸೇರಿಸಿದರು. ಆ ಪುಸ್ತಕ ಶಾಲೆಗಳಲ್ಲಿ ಬಲವಾಗಿ ಕೂತಿತು. ಆದರೆ ಲೌತ್ ಒಬ್ಬರ ತಲೆಗೇ ಇದನ್ನು ಕಟ್ಟುವುದೂ ಸರಿಯಲ್ಲ. ಓದಿದವರ ಬರವಣಿಗೆಯಲ್ಲಿ ಎರಡೆರಡು ನಿಷೇಧ ಅದಕ್ಕೂ ಮೊದಲೇ ಕಡಿಮೆಯಾಗುತ್ತಾ ಬಂದಿತ್ತು. ಶ್ರೀಮಂತರ ರೂಢಿ ಆಗಲೇ ಬದಲಾಗಿತ್ತು, ವ್ಯಾಕರಣದವರು ಆ ರೂಢಿಗೆ ತರ್ಕದ ಬಟ್ಟೆ ತೊಡಿಸಿದರು ಅಷ್ಟೇ. ತರ್ಕವೇ ಕಾರಣ ಅನ್ನುವುದಾದರೆ ರಷ್ಯನ್ನರನ್ನು ಏನೆನ್ನಬೇಕು? ‘ನನಗೆ ಏನೂ ಗೊತ್ತಿಲ್ಲ’ ಅನ್ನಲು ಅವರ ಶುದ್ಧ ಭಾಷೆಯಲ್ಲೇ ‘ಯಾ ನಿಚಿವೋ ನೆ ಜ್ನಾಯು’, ಎರಡು ನಿಷೇಧ ಕಡ್ಡಾಯ, ಒಂದು ಬಿಟ್ಟರೆ ಮೇಷ್ಟ್ರು ಕೆಂಪು ಗೆರೆ ಎಳೆಯುತ್ತಾರೆ. ಸ್ಪ್ಯಾನಿಷಿನಲ್ಲಿ ‘ನೋ ವಿ ನಾದಾ’, ಏನೂ ನೋಡಲಿಲ್ಲ. ಇವರೂ ಗಣಿತ ಓದಿದವರೇ.

ಫ್ರೆಂಚಿನಲ್ಲಿ ಈ ಬೈಗುಳ ರಂಗದ ಮೇಲೇ ಬಂದಿದೆ. 1672ರಲ್ಲಿ ನಾಟಕಕಾರ ಮೋಲಿಯೇರ್ ಆಡಿಸಿದ ಒಂದು ಪ್ರಹಸನದಲ್ಲಿ ಮಾರ್ತೀನ್ ಎಂಬ ಅಡುಗೆಯ ಕೆಲಸದವಳನ್ನು ಮನೆಯೊಡತಿ ಕೆಲಸದಿಂದ ತೆಗೆಯುತ್ತಾಳೆ. ಕಳ್ಳತನಕ್ಕಲ್ಲ, ಪಾತ್ರೆ ಒಡೆದದ್ದಕ್ಕೂ ಅಲ್ಲ. ವ್ಯಾಕರಣ ಕೆಡಿಸಿದ್ದಕ್ಕೆ. ನಿಮ್ಮ ಮಾತೆಲ್ಲ ಯಾವ ಪ್ರಯೋಜನಕ್ಕೂ ಬರಲ್ಲ ಅನ್ನುವಾಗ ಅವಳು ‘ಪಾ’ ಮತ್ತು ‘ರಿಯೆಂ’ ಎರಡನ್ನೂ ಒಂದೇ ವಾಕ್ಯದಲ್ಲಿ ಹಾಕುತ್ತಾಳೆ, ಮನೆಯ ಪಂಡಿತೆಯೊಬ್ಬಳು ಅಲ್ಲೇ ಹಿಡಿದು, ಒಂದು ನಿಷೇಧ ಜಾಸ್ತಿಯಾಯಿತು ಎಂದು ಪಾಠ ಹೇಳುತ್ತಾಳೆ. ನಾವೇನು ನಿಮ್ಮ ಹಾಗೆ ಓದಿದವರಲ್ಲ, ನಮ್ಮ ಕಡೆ ಮಾತಾಡುವ ಹಾಗೆ ಮಾತಾಡುತ್ತೇವೆ ಅನ್ನುವುದು ಮಾರ್ತೀನಳ ಉತ್ತರ. ಪ್ರೇಕ್ಷಕರು ನಗುವುದು ಪಂಡಿತೆಯನ್ನು ನೋಡಿ, ಅಡುಗೆಯವಳನ್ನು ನೋಡಿ ಅಲ್ಲ. ಕೆನಡಾದ ಕ್ವಿಬೆಕ್‌ನ ಆಡುಮಾತಿನಲ್ಲಿ ಮಾರ್ತೀನಳ ಥರದ ವಾಕ್ಯ ಇವತ್ತಿಗೂ ನಡೆಯುತ್ತದೆ, ‘ಪಾ’, ‘ಪೆರ್ಸೊನ್’ ಎರಡೂ ಸೇರಿ ‘ಯಾರೂ ಇಲ್ಲ’.

ನಮ್ಮ ಕನ್ನಡದ ಬಗ್ಗೆ ಒಂದೇ ಮಾತು, ಜಾಸ್ತಿ ಎಳೆಯಲ್ಲ. ‘ಅರಿಯೆ’, ‘ಕಾಣೆ’, ‘ಒಲ್ಲೆ’ ಈ ಪದಗಳಲ್ಲಿ ‘ಇಲ್ಲ’ ಎಲ್ಲಿದೆ ಹುಡುಕಿ. ಸಿಗುವುದಿಲ್ಲ. ಧಾತುವಿಗೆ ಕಾಲ ತೋರಿಸುವ ಯಾವ ಪ್ರತ್ಯಯವನ್ನೂ ಹಾಕದೆ ನೇರವಾಗಿ ‘ನಾನು’ ಎಂಬ ಗುರುತು ಅಂಟಿಸಿದರೆ ಅದೇ ನಿಷೇಧವಾಗುತ್ತಿತ್ತು. ಜಗತ್ತಿನ ಭಾಷೆಗಳಲ್ಲೇ ಇದು ತೀರಾ ಅಪರೂಪ. ಅದು ಹಿಂದೆ ಸರಿದು ‘ಬರುವುದಿಲ್ಲ’ ಮುಂದೆ ಬಂತು, ಈಗ ‘ಬರಲ್ಲ’. ಅದನ್ನು ಯಾರೂ ಅಪರಾಧ ಅನ್ನುತ್ತಿಲ್ಲ, ನಿಮ್ಮ ಲೇಖಕರೂ ಅದೇ ಬರಹದಲ್ಲಿ ಎರಡು ಕಡೆ ‘ಬರಲ್ಲ’ ಎಂದೇ ಬರೆದಿದ್ದಾರೆ.

ಪರೀಕ್ಷೆಯಲ್ಲಿ ‘ಐ ಡೋಂಟ್ ನೋ ನಥಿಂಗ್’ ಎಂದು ಬರೆದರೆ ಮಾರ್ಕ್ಸ್ ಕೊಡಿ ಎಂದು ನಾನು ಹೇಳುತ್ತಿಲ್ಲ. ಕೆಲಸದ ಅರ್ಜಿಯಲ್ಲೂ ಹಾಗೆ ಬರೆಯಬಾರದು. ಈಗಿನ ಬರವಣಿಗೆಯ ಇಂಗ್ಲಿಷಿನಲ್ಲಿ ಅದು ಚಾಲ್ತಿಯಲ್ಲಿಲ್ಲ, ಓದಿದವರು ಆಡಿಕೊಳ್ಳುತ್ತಾರೆ. ಮಕ್ಕಳಿಗೆ ಇದನ್ನು ಇದ್ದ ಹಾಗೇ ಹೇಳಿದರೆ ಆಯಿತು. ಫ್ರೆಂಚ್ ಕಲಿಯುವವರಿಗೂ ‘ನ... ಪಾ’ ಬರೆಯಲು ಕಲಿಸಿ, ಜೊತೆಗೆ ಪ್ಯಾರಿಸ್ಸಿನಲ್ಲೋ ಮಾಂಟ್ರಿಯಲ್ಲಿನಲ್ಲೋ ಇಳಿದರೆ ಕಿವಿಗೆ ಬೀಳುವುದು ‘ಶೇ ಪಾ’ ಎಂದೂ ಮೊದಲೇ ತಿಳಿಸಿ. ಇಲ್ಲದಿದ್ದರೆ ಎರಡು ವರ್ಷ ಕಲಿತವರು ಅಲ್ಲಿ ‘ನ’ಕ್ಕಾಗಿ ಕಾಯುತ್ತಾ ನಿಂತಿರುತ್ತಾರೆ, ಅಷ್ಟರಲ್ಲಿ ಎದುರಿನವರು ಮಾತು ಮುಗಿಸಿ ಹೊರಟಿರುತ್ತಾರೆ.

ನಿಮ್ಮಲ್ಲಿ ನನ್ನ ಕೋರಿಕೆ ಸಣ್ಣದು. ಆ ಬರಹದ ಮುಂದಿನ ಕಂತಿನಲ್ಲಿ ‘ತರ್ಕಕ್ಕೆ ವಿರುದ್ಧ’ ಎಂಬ ಮಾತನ್ನು ತೆಗೆದು ‘ಈಗಿನ ಬರವಣಿಗೆಯ ಇಂಗ್ಲಿಷಿನಲ್ಲಿ ಬಳಕೆಯಲ್ಲಿಲ್ಲ’ ಎಂದು ತಿದ್ದುಪಡಿ ಹಾಕಿ. ಫ್ರೆಂಚ್ ಹುಡುಗರ ಬಗ್ಗೆ ಬರೆದ ಪ್ಯಾರಾವನ್ನು ಲೇಖಕರೇ ಮತ್ತೊಮ್ಮೆ ಓದಿ ನೋಡಲಿ. ಚಾಸರನ ಆ ಎರಡು ಸಾಲುಗಳನ್ನು ಪುರವಣಿಯ ಮೂಲೆಯಲ್ಲಿ ಅಚ್ಚು ಹಾಕಿ, ‘ಇದರಲ್ಲಿ ಎಷ್ಟು ಇಲ್ಲಗಳಿವೆ, ಯೋಧ ಒಳ್ಳೆಯವನೋ ಕೆಟ್ಟವನೋ’ ಎಂದು ಓದುಗರನ್ನೇ ಕೇಳಿದರೂ ಆಗುತ್ತದೆ.

ಇಂತಿ,
ನಿಮ್ಮ ಪುರವಣಿಯ ಖಾಯಂ ಓದುಗ